ಕಿರುತೆರೆಯ ಬೊಂಬೆ ಬೆಳ್ಳಿತೆರೆಗೆ: ಆಸ್ತಿಪಟ್ಟಿಯಲ್ಲಿ ಕಾಣದ ಆಸ್ತಿ

2016ರ ಅಕ್ಟೋಬರಿನ ಒಂದು ಭಾನುವಾರ ಬೆಟ್ಟದಪುರದ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಹಜಾರದಲ್ಲಿ ಹೊಗೆಸೊಪ್ಪನ್ನು ದರ್ಜೆವಾರು ವಿಂಗಡಿಸುವ ಕೆಲಸ ನಡೆದಿತ್ತು. ಒಳಗೆ ಅವಳ ಮೊಮ್ಮಗ ಟಿ.ವಿ.ಯ ಮುಂದೆ ಕುಳಿತು ‘ಮೋಟು ಪತ್ಲು’ ನೋಡುತ್ತಿದ್ದ. ಅದೇ ಜೋಡಿಯ ಚಲನಚಿತ್ರ ಬಂದಿದೆ, ಮೈಸೂರಿಗೆ ಕರೆದೊಯ್ಯಿರಿ ಎಂದು ಹಟ ಹಿಡಿದ. “ಮನೆಯಲ್ಲೇ ದಿನವೂ ಬರುವುದನ್ನು ನೋಡಲು ದುಡ್ಡು ಕೊಟ್ಟು ಮೈಸೂರಿಗೆ ಹೋಗಬೇಕೆ?” ಎಂದಳು ಅಕ್ಕ. ಇಂತಹ ಚಿತ್ರಕ್ಕೆ ಬಂಡವಾಳ ಹೂಡುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ.

ಅಮೆರಿಕದ ‘ದಿ ಸಿಂಪ್ಸನ್ಸ್’ ಹಾಸ್ಯ ಧಾರಾವಾಹಿ ಆರಂಭವಾದದ್ದು ಡಿಸೆಂಬರ್ 1989ರಲ್ಲಿ. ಅದರ ಚಲನಚಿತ್ರ ತೆರೆಕಂಡದ್ದು ಜುಲೈ 2007ರಲ್ಲಿ. 1992ರ ಒಂದು ಕಂತಿನ ಕಥೆಯನ್ನೇ ಚಿತ್ರವಾಗಿಸುವ ಆಲೋಚನೆಯಿತ್ತಾದರೂ, ಪೂರ್ಣಾವಧಿಗೆ ಅದು ಸಾಲದಾಯಿತು. ಮುಂದೆ ಸಿದ್ಧವಾದ ಚಿತ್ರಕಥೆಯನ್ನು ನೂರಕ್ಕೂ ಹೆಚ್ಚು ಬಾರಿ ತಿದ್ದಲಾಯಿತಂತೆ. ವೆಚ್ಚ ಸುಮಾರು 7.5 ಕೋಟಿ ಡಾಲರ್. ವಿಶ್ವಾದ್ಯಂತ ಗಳಿಕೆ 50 ಕೋಟಿ ಡಾಲರ್ ಮೀರಿತು. (ಈ ಗಳಿಕೆಯಲ್ಲಿ ಚಿತ್ರಮಂದಿರಗಳ ಪಾಲೂ ಸೇರಿರುವುದರಿಂದ, ಇಡೀ ಮೊತ್ತವನ್ನು ನಿರ್ಮಾಪಕರ ಖಾತೆಗೆ ಜಮಾ ಮಾಡಲಾಗದು. ವೃತ್ತಪತ್ರಿಕೆಗಳು ಇದನ್ನು ಸಾಮಾನ್ಯವಾಗಿ ಮರೆಯುತ್ತವೆ.)

ನಮ್ಮಲ್ಲಿ ‘ಮೋಟು ಪತ್ಲು’ ಜೋಡಿ ‘ಲೋಟ್‌ಪೋಟ್’ ಎಂಬ ಹಿಂದಿ ಮಕ್ಕಳ ಪತ್ರಿಕೆಯಲ್ಲಿ ಹುಟ್ಟಿ, 2012ರಲ್ಲಿ ಕಿರುತೆರೆಗೂ 2016ರಲ್ಲಿ ಬೆಳ್ಳಿತೆರೆಗೂ ಬಂದಿತು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2008ರಲ್ಲಿ ಆರಂಭವಾಗಿ 2012ರ ಮೇ ತಿಂಗಳಲ್ಲಿ, ಅಂದರೆ ಶಾಲಾ ರಜೆಯಲ್ಲಿ, ಚಿತ್ರಮಂದಿರ ತಲುಪಿತು. ಟಿ.ವಿ.ಯ ಕಿರುಪರದೆಗೆಂದು ಮಿತವ್ಯಯದಲ್ಲಿ ಬರೆದ ಚಿತ್ರಗಳು ದೊಡ್ಡ ಪರದೆಯಲ್ಲಿ ಬಡವಾಗಿ ಕಾಣುತ್ತವೆ. ಹಿನ್ನೆಲೆ, ಚಲನೆ, ಬೆಳಕು ಎಲ್ಲವನ್ನೂ ಹೊಸದಾಗಿ ರೂಪಿಸಬೇಕಾಗುತ್ತದೆ. ಟಿಕೆಟ್ಟಿನ ಹಣವೊಂದರಿಂದಲೇ ಇಷ್ಟೆಲ್ಲವೂ ಗಿಟ್ಟಬೇಕೆಂದರೆ ಕಷ್ಟ. ಆದರೆ ಗ್ರೀನ್ ಗೋಲ್ಡ್ ಸಂಸ್ಥೆಯು ಭೀಮನ ಆಟಿಕೆ, ಉಡುಪುಗಳಿಗೆಂದು ತನ್ನದೇ ಮಳಿಗೆಗಳನ್ನೂ ತೆರೆದಿತ್ತು. ಅಂತಹ ಒಡೆಯನಿಗೆ ಚಲನಚಿತ್ರವು ಅರ್ಧ ಸರಕು, ಅರ್ಧ ಜಾಹೀರಾತು. 2019ರಲ್ಲಿ ಅದೇ ಭೀಮನು ಶಿಶುರೂಪದಲ್ಲಿ, ಸಂಭಾಷಣೆಯೇ ಇಲ್ಲದ ಸರಣಿಯಾಗಿ ನೆಟ್‌ಫ್ಲಿಕ್ಸ್‌ಗೆ ಹೋದನು. ಡಬ್ಬಿಂಗ್ ಖರ್ಚಿನ ಗೊಡವೆಯೂ ಉಳಿಯಲಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ ಇಲ್ಲೊಂದು ವಿಚಿತ್ರವಿದೆ. 1962ರ ಆದಾಯ ತೆರಿಗೆ ನಿಯಮಾವಳಿಯ 9ಎ ನಿಯಮವು, ಹಣಕಾಸು ವರ್ಷ ಮುಗಿಯಲು ಕನಿಷ್ಠ 90 ದಿನಗಳಿರುವಾಗ ಬಿಡುಗಡೆಯಾದ ಕಥಾಚಿತ್ರದ ನಿರ್ಮಾಣವೆಚ್ಚವನ್ನೆಲ್ಲ ಅದೇ ವರ್ಷ ಕಳೆಯಲು ಅವಕಾಶ ನೀಡಿತ್ತು. ಅಂದರೆ ಚಿತ್ರದ ಆಯುಷ್ಯ ಒಂದೇ ವರ್ಷವೆಂಬಂತೆ. ಪಾತ್ರವಾದರೋ ದಶಕಗಳ ಕಾಲ ದುಡಿಯುತ್ತದೆ. ಆದರೆ ಸಂಸ್ಥೆಯೇ ಬೆಳೆಸಿದ ಬ್ರಾಂಡನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕ 26 ಒಪ್ಪುವುದಿಲ್ಲ. ಹೀಗಾಗಿ ಸಂಸ್ಥೆಯ ಕಂಪ್ಯೂಟರು, ಕುರ್ಚಿಗಳೆಲ್ಲ ಆಸ್ತಿಪಟ್ಟಿಯಲ್ಲಿರುತ್ತವೆ, ಭೀಮನಂಥವನು ಇರುವುದಿಲ್ಲ. ಅವನ ಬೆಲೆ ಕಾಗದದ ಮೇಲೆ ಬರುವುದು ಮಾರಾಟವಾದಾಗ ಮಾತ್ರ. 2019ರಲ್ಲಿ ಫಾಕ್ಸ್ ಸಂಸ್ಥೆಯ ಬಹುಪಾಲು ವ್ಯವಹಾರವನ್ನು ಡಿಸ್ನಿ ಕೊಂಡಾಗ ಸಿಂಪ್ಸನ್ ಕುಟುಂಬವೂ ಹೊಸ ಮನೆ ಸೇರಿತು.

ಕರ್ನಾಟಕಕ್ಕೆ ಸಂಬಂಧಿಸಿದ ಮಾತು ಇಲ್ಲಿಂದ ಆರಂಭವಾಗುತ್ತದೆ. ಅನಿಮೇಷನ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಕುಶಲಿಗಳಿಗೆ ಕೊರತೆಯಿಲ್ಲ. ಆದರೆ ಬೆಂಗಳೂರಿನಲ್ಲಿ ನಡೆದದ್ದು ಬಹುಮಟ್ಟಿಗೆ ಪರದೇಶದ ಪಾತ್ರಗಳಿಗೆ ಮಾಡಿದ ಕೂಲಿಕೆಲಸ. ಫೆಬ್ರವರಿ 2025ರಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಕಚೇರಿಯೂ ಬಾಗಿಲು ಹಾಕಿತು. ವರ್ಷಗಟ್ಟಲೆ ಹೆಸರಾಂತ ಪಾತ್ರಗಳಿಗೆ ಜೀವ ತುಂಬಿದವರ ಕೈಯಲ್ಲಿ ಒಂದು ಪಾತ್ರದ ಹಕ್ಕೂ ಇರಲಿಲ್ಲ. ನಮ್ಮ ಪಿರಿಯಾಪಟ್ಟಣ, ಹುಣಸೂರು ಸೀಮೆಯ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಎಲೆ ಅವನದು, ಪೊಟ್ಟಣದ ಮೇಲಿನ ಹೆಸರು ಇನ್ನೊಬ್ಬರದು.

ಕನ್ನಡದ ಮಾರುಕಟ್ಟೆ ಚಿಕ್ಕದೆಂಬ ಆಕ್ಷೇಪವುಂಟು. 2009ರಲ್ಲಿ ಚಿಂಟು ಟಿ.ವಿ. ಬರುವವರೆಗೆ ಮಕ್ಕಳಿಗೆಂದೇ ಕನ್ನಡ ವಾಹಿನಿಯಿರಲಿಲ್ಲ. ಡಬ್ಬಿಂಗ್ ತಡೆಯ ವಿರುದ್ಧ ಸ್ಪರ್ಧಾ ಆಯೋಗದ ಆದೇಶ ಹೊರಬಿದ್ದದ್ದು 2015ರಲ್ಲಿ. ಹೊರಗಿನ ಪಾತ್ರಗಳು ಈಗ ಕನ್ನಡವನ್ನು ಸರಾಗವಾಗಿ ಆಡುತ್ತಿವೆ. ಇಲ್ಲಿ ಹುಟ್ಟಿದ ಪಾತ್ರವೊಂದು ಹಿಂದಿ, ತಮಿಳು ಆಡುವುದಕ್ಕೂ ಅದೇ ದಾರಿ ತೆರೆದಿದೆಯಲ್ಲವೆ?

ಈ ಉದ್ಯಮಕ್ಕೆ ಇಳಿಯುವ ಸದಸ್ಯರು ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮನ್ನು ಮೊದಲು ಓದಿಕೊಳ್ಳಬೇಕು. ಹಣ ಕೊಟ್ಟು ಚಿತ್ರ ಮಾಡಿಸಿದವನೇ, ಬೇರೆ ಕರಾರಿಲ್ಲದಿದ್ದರೆ, ಅದರ ಪ್ರಥಮ ಒಡೆಯ. ಪಾತ್ರದ ಹೆಸರು, ರೂಪಗಳನ್ನು ಮನರಂಜನೆಯ 41ನೇ ವರ್ಗದಲ್ಲಿ ಮಾತ್ರವಲ್ಲದೆ, ಆಟಿಕೆಯ 28, ಉಡುಪಿನ 25, ಲೇಖನಸಾಮಗ್ರಿಯ 16ನೇ ವರ್ಗಗಳಲ್ಲೂ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಬೇಕು. ಹತ್ತು ವರ್ಷಕ್ಕೊಮ್ಮೆ ನವೀಕರಣವಿದೆ. ಇದಕ್ಕೆ ತಗಲುವ ಶುಲ್ಕ ಚಿತ್ರದ ಒಂದು ದಿನದ ಜಾಹೀರಾತು ವೆಚ್ಚಕ್ಕೂ ಸಮನಾಗದು.