ಟಿವಿಯ ಬೆನ್ನಿಗೊಂದು ಬೆಳಕು

ಕತ್ತಲ ಕೋಣೆಯಲ್ಲಿ ಟಿವಿ ನೋಡಿ ಕಣ್ಣು ದಣಿಯುವುದಕ್ಕೆ ಪರದೆಯ ಹೊಳಪೊಂದೇ ಕಾರಣವಲ್ಲ. ಪರದೆಯ ಅಂಚು ದಾಟಿದ ಕೂಡಲೇ ಶುರುವಾಗುವ ಕಗ್ಗತ್ತಲಿಗೂ ಅದರಲ್ಲಿ ಪಾಲಿದೆ. ಸುತ್ತ ಕತ್ತಲಿರುವುದರಿಂದ ಕಣ್ಣಿನ ಪಾಪೆ ಹಿಗ್ಗುತ್ತದೆ, ನಡುವಿನ ಬೆಳಕು ಕುಕ್ಕುತ್ತದೆ. ಟಿವಿಯ ಹಿಂದಿನ ಗೋಡೆಗೆ ಒಂದಿಷ್ಟು ಮಂದ ಬೆಳಕು ಬಿದ್ದರೆ ಈ ಜಗ್ಗಾಟ ತಗ್ಗುತ್ತದೆ. ಅಷ್ಟೇ ಅಲ್ಲ, ಪರದೆಯ ಕಪ್ಪು ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ. ಸುತ್ತಲಿನ ಬೆಳಕು ಹೆಚ್ಚಿದಂತೆ ಚಿತ್ರದ ಕಪ್ಪು-ಬಿಳುಪಿನ ಅಂತರ ಕಣ್ಣಿಗೆ ಹೆಚ್ಚಾಗಿ ತೋರುತ್ತದೆ ಎಂಬುದನ್ನು ಬಾರ್ಟಲ್‌ಸನ್ ಮತ್ತು ಬ್ರೆನೆಮನ್ ಎಂಬ ಇಬ್ಬರು 1967ರಲ್ಲೇ ವಿವರಿಸಿದ್ದರು. ಸಿನಿಮಾದ ಬಣ್ಣ ತಿದ್ದುವ ಸ್ಟುಡಿಯೊಗಳಲ್ಲಿ ಮಾನಿಟರಿನ ಹಿಂದೆ 6500 ಕೆಲ್ವಿನ್ನಿನ ಬಿಳಿ ಬೆಳಕನ್ನು ಮಂದವಾಗಿ ಉರಿಸುವುದು ಇದಕ್ಕೇ.

ಆ ಬಿಳಿ ಬೆಳಕಿನ ಜಾಗದಲ್ಲಿ ಪರದೆಯ ಅಂಚಿನ ಬಣ್ಣವೇ ಗೋಡೆಗೆ ಹರಿದರೆ? ಫಿಲಿಪ್ಸ್ ಕಂಪನಿ 2004ರಲ್ಲಿ ‘ಆಂಬಿಲೈಟ್’ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಸಮುದ್ರದ ದೃಶ್ಯ ಬಂದರೆ ಗೋಡೆಯೂ ನೀಲಿ, ಸೂರ್ಯಾಸ್ತಕ್ಕೆ ಕಿತ್ತಳೆ. ಬೇರೆ ಕಂಪನಿಯ ಟಿವಿ ಇದ್ದವರು ಸುಮ್ಮನೆ ಕೂರಲಿಲ್ಲ. ಅಡಾಫ್ರೂಟ್ ಎಂಬ ಅಮೆರಿಕದ ಸಂಸ್ಥೆ ಆರ್ಡುಯಿನೊ ಎಂಬ ಪುಟ್ಟ ಬೋರ್ಡು ಮತ್ತು 25 ದೀಪಗಳಿಂದ ಮನೆಯಲ್ಲೇ ಮಾಡಿಕೊಳ್ಳಬಹುದಾದ ‘ಅಡಾಲೈಟ್’ ರೂಪಿಸಿತು. ಆಮೇಲೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆಂದು ಹವ್ಯಾಸಿಗಳು ‘ಹೈಪೀರಿಯನ್’ ತಂತ್ರಾಂಶ ಕಟ್ಟಿದರು. ಅದು ಉಚಿತ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದದ್ದು. ಇಂದು ಮನೆಯಲ್ಲಿ ಈ ಕೆಲಸ ಮಾಡುವವರಲ್ಲಿ ಬಹಳ ಮಂದಿ ನೆಚ್ಚಿರುವುದು ಅದನ್ನೇ.

ದೀಪದ ಪಟ್ಟಿಯ ಒಳಗುಟ್ಟು ನನಗೆ ಬಹಳ ಇಷ್ಟ. ಹಬ್ಬಕ್ಕೆ ಕಟ್ಟುವ ಸೀರಿಯಲ್ ಸೆಟ್ಟಿನಲ್ಲಿ ಎಲ್ಲ ಬಲ್ಬುಗಳದ್ದೂ ಒಂದೇ ನಡೆ. ಇಲ್ಲಿ ಬಳಸುವ ಡಬ್ಲ್ಯುಎಸ್2812ಬಿ ಪಟ್ಟಿಯಲ್ಲಿ ಹಾಗಲ್ಲ. ಪ್ರತಿ ದೀಪದೊಳಗೂ ಒಂದು ಪುಟ್ಟ ಚಿಪ್ ಇದೆ. ಇಡೀ ಪಟ್ಟಿಗೆ ಮಾಹಿತಿ ಹೊರುವ ತಂತಿ ಮಾತ್ರ ಒಂದೇ. ಊಟದ ಪಂಕ್ತಿಯಲ್ಲಿ ಬಾಳೆಲೆಯ ಕಟ್ಟು ಬಂದಾಗ ಒಬ್ಬೊಬ್ಬರೂ ತಮಗೊಂದು ಎಲೆ ತೆಗೆದುಕೊಂಡು ಉಳಿದದ್ದನ್ನು ಪಕ್ಕಕ್ಕೆ ದಾಟಿಸುತ್ತಾರಲ್ಲ, ಹಾಗೆ ಪ್ರತಿ ದೀಪವೂ ಮೊದಲ 24 ಬಿಟ್‌ಗಳನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮುಂದಕ್ಕೆ ಕಳಿಸುತ್ತದೆ. ಕೆಂಪು, ಹಸಿರು, ನೀಲಿಗೆ ತಲಾ 8 ಬಿಟ್, ಲೆಕ್ಕದಲ್ಲಿ ಸುಮಾರು 1.68 ಕೋಟಿ ಬಣ್ಣ. ಒಂದು ದೀಪಕ್ಕೆ ಹಿಡಿಯುವ ಹೊತ್ತು 30 ಮೈಕ್ರೊಸೆಕೆಂಡ್. ಪಟ್ಟಿಯಲ್ಲಿ 180 ದೀಪಗಳಿದ್ದರೂ ಎಲ್ಲಕ್ಕೂ ಬಣ್ಣ ತಲುಪಿಸಲು ಸುಮಾರು ಐದೂವರೆ ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ಚಿತ್ರದ ಮುಂದಿನ ಫ್ರೇಮ್ ಕೂಡ ಬಂದಿರುವುದಿಲ್ಲ.

ಪಟ್ಟಿಯನ್ನು ಆಳುವುದಕ್ಕೆ ಇಎಸ್‌ಪಿ32 ಎಂಬ ಪುಟ್ಟ ಬೋರ್ಡು, ಅದರೊಳಗೆ ‘ಡಬ್ಲ್ಯುಎಲ್‌ಇಡಿ’ ಎಂಬ ಉಚಿತ ತಂತ್ರಾಂಶ. ಸೆಟ್ ಟಾಪ್ ಬಾಕ್ಸಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ತಂತಿಯ ನಡುವೆ ಒಂದು ಸ್ಪ್ಲಿಟರ್ ಕೂರಿಸಿ, ಅದರ ಒಂದು ಕವಲನ್ನು ಟಿವಿಗೂ ಇನ್ನೊಂದನ್ನು ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿನ ಮೂಲಕ ರಾಸ್ಪ್‌ಬೆರಿ ಪೈಗೂ ಕೊಡುತ್ತಾರೆ. ಹೈಪೀರಿಯನ್ ಚಿತ್ರದ ಅಂಚನ್ನು ಚೌಕ ಚೌಕವಾಗಿ ಹಂಚಿಕೊಂಡು ಪ್ರತಿ ಚೌಕದ ಸರಾಸರಿ ಬಣ್ಣ ತೆಗೆದು ಇಎಸ್‌ಪಿ32ಕ್ಕೆ ಕಳಿಸುತ್ತದೆ. ಬೆಂಗಳೂರಿನವರಿಗೆ ಈ ಸಾಮಾನೆಲ್ಲ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಮಾತು ಮೊದಲೇ ತಿಳಿದಿರಲಿ: ಸ್ಮಾರ್ಟ್ ಟಿವಿಯೊಳಗಿನ ಆ್ಯಪ್‌ನಲ್ಲೇ ಸಿನಿಮಾ ನೋಡುವವರಿಗೆ ಈ ದಾರಿ ಇಲ್ಲ. ಚಿತ್ರ ಟಿವಿಯ ಒಳಗೇ ಹುಟ್ಟುವುದರಿಂದ ಹೊರಗಿನ ತಂತಿಗೆ ಅದು ಬರುವುದೇ ಇಲ್ಲ. ನಕಲು ತಡೆ ಇರುವ ವಿಡಿಯೊ ಕೂಡ ಕ್ಯಾಪ್ಚರ್ ಕಾರ್ಡಿಗೆ ಬರೀ ಕಪ್ಪಾಗಿ ಕಾಣುತ್ತದೆ. ಪೈ ಮೇಲೆಯೇ ಕೋಡಿ ಪ್ಲೇಯರ್ ಹಾಕಿಕೊಂಡು ತಮ್ಮ ಬಳಿಯ ಚಿತ್ರಗಳನ್ನು ನೋಡುವವರಿಗೆ ಸ್ಪ್ಲಿಟರ್, ಕಾರ್ಡು ಎರಡೂ ಬೇಡ.

ಹೊಸಬರು ತಂತ್ರಾಂಶಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಕರೆಂಟಿನ ಲೆಕ್ಕಕ್ಕೆ. 43 ಇಂಚಿನ ಟಿವಿಯ ಸುತ್ತಳತೆ ಹತ್ತಿರ ಹತ್ತಿರ 3 ಮೀಟರ್. ಮೀಟರಿಗೆ 60 ದೀಪದ ಪಟ್ಟಿಯಾದರೆ 180 ದೀಪ. ಪೂರ್ತಿ ಬಿಳಿಯಾಗಿ ಉರಿಯುವಾಗ ದೀಪವೊಂದಕ್ಕೆ 60 ಮಿಲಿಆಂಪಿಯರ್ ಎಂದು ಹಿಡಿದರೆ ಒಟ್ಟು 10.8 ಆಂಪಿಯರ್. ಮೊಬೈಲ್ ಚಾರ್ಜರಿನಿಂದ ಇದು ಆಗದ ಮಾತು. 5 ವೋಲ್ಟಿನ, ಸಾಕಷ್ಟು ಆಂಪಿಯರಿನ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಬೇಕು. ಅದರಲ್ಲಿ ಮನೆಯ 230 ವೋಲ್ಟ್ ಸೇರುವ ಸ್ಕ್ರೂಗಳು ಕೈಗೆ ಸಿಗುವಂತಿರುತ್ತವೆ. ಮುಚ್ಚಳ, ಅರ್ಥ್ ತಂತಿ, ಫ್ಯೂಸ್ ಈ ಮೂರೂ ಇಲ್ಲದೆ ಸ್ವಿಚ್ ಹಾಕಬಾರದು. ವೈರಿಂಗ್ ಗೊತ್ತಿಲ್ಲದವರು ಈ ಒಂದು ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಲಿ. ಹೊಳಪಿಗೆ ಮಿತಿ ಹಾಕುವ ಸೌಲಭ್ಯ ಡಬ್ಲ್ಯುಎಲ್‌ಇಡಿಯಲ್ಲಿದೆ. ಎಷ್ಟು ಮಿಲಿಆಂಪಿಯರ್ ದಾಟಬಾರದು ಎಂದು ಬರೆದರೆ ಅದರೊಳಗೇ ನಿಲ್ಲಿಸುತ್ತದೆ.

ಪಟ್ಟಿಯೊಳಗಿನ ತಾಮ್ರ ತೆಳು. ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ವೋಲ್ಟೇಜು ಕುಸಿಯುತ್ತದೆ. ನೀಲಿ, ಹಸಿರು ದೀಪಗಳಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜು ಬೇಕಾದ್ದರಿಂದ ಮೊದಲು ಸೊರಗುವುದು ಅವೇ. ಬಿಳಿ ಬೆಳಕು ಕೆಂಪಿಗೆ ತಿರುಗುತ್ತದೆ. ಎರಡೂ ತುದಿಗೆ ದಪ್ಪ ತಂತಿ ಎಳೆದರೆ ಇದಕ್ಕೆ ಪರಿಹಾರ. ಇಎಸ್‌ಪಿ32 ಹೊರಡಿಸುವ ಸಂಕೇತ 3.3 ವೋಲ್ಟಿನದು, ಪಟ್ಟಿಗೆ ಬೇಕಾದದ್ದು ಕನಿಷ್ಠ 3.5. ನಡುವೆ 74ಎಎಚ್‌ಸಿಟಿ125 ಎಂಬ ಐಸಿ ಹಾಕಿದರೆ ಮಿಣಮಿಣ ನಿಲ್ಲುತ್ತದೆ. ಮೂಲೆಗಳಲ್ಲಿ ಪಟ್ಟಿಯನ್ನು ಮಡಚುವುದಕ್ಕಿಂತ ಕತ್ತರಿಸಿ ಮೂರು ತಂತಿ ಸೋಲ್ಡರ್ ಮಾಡುವುದೇ ಬಾಳಿಕೆಯ ಕೆಲಸ. ಪಟ್ಟಿಯ ಮೇಲಿನ ಬಾಣದ ಗುರುತು ಎಲ್ಲ ಕಡೆಯೂ ಮಾಹಿತಿ ಹರಿಯುವ ದಿಕ್ಕಿಗೇ ಇರಬೇಕು.

ಇಷ್ಟಾದ ಮೇಲೂ ಕಸುಬಿನ ಅರ್ಧ ಉಳಿದಿರುತ್ತದೆ, ಅದು ಗೋಡೆಯದ್ದು. ನಮ್ಮ ಮನೆಗಳ ಗೋಡೆ ಅಚ್ಚಬಿಳಿ ಇರುವುದು ಅಪರೂಪ. ತೆಳು ಹಳದಿ ಗೋಡೆ ನೀಲಿಯನ್ನು ನುಂಗುತ್ತದೆ. ಹೈಪೀರಿಯನ್‌ನಲ್ಲಿ ಕೆಂಪು, ಹಸಿರನ್ನು ಒಂದಿಷ್ಟು ತಗ್ಗಿಸಿ ಸರಿದೂಗಿಸಬೇಕು. ಟಿವಿ ಗೋಡೆಗೆ ಅಂಟಿಕೊಂಡಂತಿದ್ದರೆ ದೀಪಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ನಾಲ್ಕೈದು ಇಂಚು ಮುಂದಿದ್ದರೆ ಬಣ್ಣಗಳು ಒಂದರೊಳಗೊಂದು ಬೆರೆಯುತ್ತವೆ. ಹೊಂದಿಕೆ ಪರೀಕ್ಷಿಸಲು ನನ್ನ ಆಯ್ಕೆ ಕಪ್ಪು-ಬಿಳುಪು ಚಿತ್ರ. 1970ರ ‘ಸಂಸ್ಕಾರ’ ಹಾಕಿ ನೋಡಿ. ಗೋಡೆಯ ಮೇಲೆ ಬೂದು ಬಿಟ್ಟು ಬೇರಾವ ಬಣ್ಣವೂ ಸುಳಿಯಬಾರದು. ನೀಲಿ ಛಾಯೆ ಕಂಡರೆ ನೀಲಿ ಇಳಿಸಿ, ಗುಲಾಬಿ ಕಂಡರೆ ಹಸಿರು ಏರಿಸಿ. ಬಣ್ಣದ ಚಿತ್ರದಲ್ಲಿ ಅಡಗಿಕೊಳ್ಳುವ ತಪ್ಪು ಇಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ.

ಆಮೇಲೆ ಬೆಳಕನ್ನು ಪಳಗಿಸುವ ಕೆಲಸ. ಪ್ರತಿ ದೃಶ್ಯಕ್ಕೂ ಗೋಡೆ ಧಗ್ಗನೆ ಬದಲಾದರೆ ಗಮನವೆಲ್ಲ ಗೋಡೆಯತ್ತ ಹೋಗುತ್ತದೆ, ಚಿತ್ರ ಹಿಂದೆ ಬೀಳುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನ ಜಾರುವಂತೆ ಮಾಡುವ ಸ್ಮೂಥಿಂಗ್ ಅಳತೆಯನ್ನು ಸಿನಿಮಾಕ್ಕೆ ಹೆಚ್ಚಿಡಿ, ಆಟಗಳಿಗೆ ಕಡಿಮೆ ಮಾಡಿ. ಹೊಳಪನ್ನು ಎಷ್ಟು ಇಳಿಸಿದರೂ ನನಗೆ ಹೆಚ್ಚೆನಿಸಿಲ್ಲ. ಅಗಲ ಪರದೆಯ ಚಿತ್ರಗಳಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಹೈಪೀರಿಯನ್ ಅದನ್ನು ಗುರುತಿಸಿ ಚಿತ್ರದ ನಿಜವಾದ ಅಂಚಿನಿಂದಲೇ ಬಣ್ಣ ತೆಗೆಯುತ್ತದೆ, ಆ ಸೌಲಭ್ಯ ಚಾಲೂ ಇರಲಿ. ನ್ಯೂಸ್ ಚಾನೆಲ್ಲುಗಳ ಕೆಳಗಿನ ಕೆಂಪು ಪಟ್ಟಿ ಮತ್ತು ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯ ಬಣ್ಣ ಗಂಟೆಗಟ್ಟಲೆ ಗೋಡೆಯ ಮೇಲೆ ಹಾಗೇ ನಿಂತುಬಿಡುತ್ತದೆ. ಆದ್ದರಿಂದ ಟಿವಿ ಮೇಜಿನ ಮೇಲಿರುವ ಮನೆಗಳಲ್ಲಿ ಕೆಳಬದಿಗೆ ಪಟ್ಟಿ ಅಂಟಿಸದೆ ಮೂರೇ ಬದಿಗೆ ಮುಗಿಸುವುದು ಒಳ್ಳೆಯದು. ವಾರ್ತೆಯ ಹೊತ್ತಿಗೆ ಡಬ್ಲ್ಯುಎಲ್‌ಇಡಿಯಲ್ಲಿ ಬಿಳಿ ಬೆಳಕಿನದೊಂದು ಪ್ರಿಸೆಟ್ ಮಾಡಿಟ್ಟುಕೊಂಡರೆ ಮೊಬೈಲಿನಿಂದಲೇ ಅದಕ್ಕೆ ಬದಲಾಯಿಸಬಹುದು.