ಗಟ್ಟಿಯ ಪರಿಮಳ ತಿಳಿಯದಾದಾಗ

ನಾಗರಪಂಚಮಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಅರಸಿನ ಎಲೆಯ ಗಟ್ಟಿ ಬೇಯತೊಡಗಿದರೆ ಅಂಗಳದವರೆಗೂ ಪರಿಮಳ. ಚಾವಡಿಯಲ್ಲಿ ಕೂತ ಅಜ್ಜನಿಗೆ ಅದು ತಿಳಿಯದಿದ್ದರೆ ಶೀತವೋ ವಯಸ್ಸೋ ಎಂದು ಮನೆಯವರು ಸುಮ್ಮನಾಗುತ್ತಾರೆ. ಹೆಚ್ಚಿನ ಸಲ ಕಾರಣ ಅದೇ. ಆದರೆ ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಬಹುಪಾಲು ಮಂದಿಗೆ ವಾಸನೆ ಕುಂದಿರುತ್ತದೆ. ಎಷ್ಟೋ ಜನರಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ. ಜೊತೆಗೆ ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಅಕ್ಷರ ಚಿಕ್ಕದಾಗುತ್ತ ಹೋಗುವುದು ಕಂಡರೆ ನರರೋಗ ವೈದ್ಯರಿಗೆ ತೋರಿಸಲೇಬೇಕು.

ಈ ಕಾಯಿಲೆಯಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೊಟೀನು ನರಕೋಶಗಳಲ್ಲಿ ಗಂಟುಕಟ್ಟುತ್ತದೆ. ಮೂಗಿನಿಂದ ಬರುವ ನರಗಳು ಮೆದುಳಿನಲ್ಲಿ ಮೊದಲು ಸೇರುವ ಭಾಗ ಘ್ರಾಣಕಂದ. ಗಂಟುಗಳು ಮೊದಮೊದಲು ಕಾಣಿಸುವ ಜಾಗಗಳಲ್ಲಿ ಅದೂ ಒಂದು ಎಂದು ಜರ್ಮನಿಯ ಹೈಕೊ ಬ್ರಾಕ್ ತಂಡ 2003ರಲ್ಲಿ ಹೇಳಿತು. ಲೆವೊಡೋಪಾ ಮಾತ್ರೆ ನಡಿಗೆಯನ್ನು ಸರಾಗ ಮಾಡುತ್ತದೆ, ವಾಸನೆಯನ್ನು ಮರಳಿ ಕೊಡುವುದಿಲ್ಲ.

ಊಟದ ರುಚಿಯಲ್ಲಿ ದೊಡ್ಡ ಪಾಲು ವಾಸನೆಯದು. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ಗೊತ್ತಾಗುತ್ತವೆ; ಮೆಣಸಿನ ಉರಿಯನ್ನು ತಿಳಿಸುವ ನರವೇ ಬೇರೆ. ಹಾಗಾಗಿ ಮೀನಿನ ಪುಳಿಮುಂಚಿಯ ಹುಳಿ-ಖಾರ ಉಳಿಯುತ್ತದೆ, ಹುರಿದ ಕೊತ್ತಂಬರಿಯ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಘಮ ಮಾಯವಾಗುತ್ತದೆ. "ಇವತ್ತು ಸಪ್ಪೆ" ಎಂಬ ದೂರು ಬಂದರೆ ಅಡುಗೆ ಮಾಡಿದವರು ನೊಂದುಕೊಳ್ಳಬಾರದು, ಉಪ್ಪನ್ನೂ ಏರಿಸಬಾರದು. ಲಿಂಬೆ, ಪುನರ್ಪುಳಿ, ಶುಂಠಿ, ಕಾಳುಮೆಣಸು ಹೆಚ್ಚಿಸಿ. ಗರಿಗರಿಯಾದ ಹಪ್ಪಳ ಜೊತೆಗಿಡಿ. ಊಟ ಬೇಡವೆನಿಸಿ ತೂಕ ಇಳಿಯುತ್ತಿದೆಯೇ ಎಂದು ಆಗಾಗ ನೋಡುತ್ತಿರಿ.

ನನಗೆ ಹೆಚ್ಚು ಚಿಂತೆ ಒಂಟಿಯಾಗಿ ಅಡುಗೆ ಮಾಡಿಕೊಳ್ಳುವವರದು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಮೂಗು ಕೆಲಸ ಮಾಡದವರಿಗೆ ಆ ಎಚ್ಚರಿಕೆಯೂ ಇಲ್ಲ. ಸೋರಿಕೆ ಪತ್ತೆಯ ಅಲಾರಂ ಹಾಕಿಸಬೇಕು, ಅದೂ ನೆಲದ ಹತ್ತಿರ, ಏಕೆಂದರೆ ಈ ಅನಿಲ ಗಾಳಿಗಿಂತ ಭಾರ. ಮೀನು ತಾಜಾವೋ ಎಂದು ಕಣ್ಣು-ಕಿವಿರು ನೋಡಿ ತಿಳಿಯಬೇಕು, ಉಳಿದ ಸಾರಿನ ಪಾತ್ರೆಗೆ ತಾರೀಕು ಬರೆದು ಅಂಟಿಸಬೇಕು.

ಗುಲಾಬಿ, ಲವಂಗ, ಲಿಂಬೆ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಸಲ ಗಮನವಿಟ್ಟು ಮೂಸುವ ಅಭ್ಯಾಸವೊಂದಿದೆ. ಜರ್ಮನಿಯಲ್ಲಿ ಪಾರ್ಕಿನ್ಸನ್ ಇರುವವರು 12 ವಾರ ಹೀಗೆ ಮಾಡಿದಾಗ ವಾಸನೆ ಗ್ರಹಿಸುವ ಶಕ್ತಿ ಕೊಂಚ ಸುಧಾರಿಸಿತೆಂದು 2013ರ ಅಧ್ಯಯನ ತೋರಿಸಿತು. ಕಾಯಿಲೆಗೆ ಇದು ಮದ್ದಲ್ಲ, ಆದರೆ ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಮಾಡಿ ನೋಡಬಹುದಾದದ್ದು.