ಹಳೆ ಕಾರಿಗೆ ಹೊಸ ಎಂಜಿನ್ ಹಾಕಬಹುದೇ?

ಪ್ರೀಮಿಯರ್ 118ಎನ್‌ಇ ಕಾರು ನೆನಪಿದೆಯೇ? ಎಂಬತ್ತು, ತೊಂಬತ್ತರ ದಶಕದಲ್ಲಿ ಡಾಕ್ಟರರು, ವಕೀಲರ ಮನೆಯ ಮುಂದೆ ನಿಲ್ಲುತ್ತಿದ್ದ ಚೌಕಾಕಾರದ ಕಾರು. ಆ ಹೆಸರಿನ ಕೊನೆಯ ಎರಡು ಅಕ್ಷರಗಳ ವಿಸ್ತಾರ ‘ನಿಸಾನ್ ಎಂಜಿನ್’. 1985ರಲ್ಲಿ ಬಂದ ಈ ಕಾರಿನ ಮೈ ಇಟಲಿಯ ಫಿಯೆಟ್ 124ರದ್ದು, ಎಂಜಿನ್ ಜಪಾನಿನ ನಿಸಾನ್‌ನ 1171 ಸಿಸಿಯದ್ದು. ಅದನ್ನು ತಯಾರಿಸಿದ್ದು ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್. ಒಬ್ಬರ ಮೈಗೆ ಇನ್ನೊಬ್ಬರ ಎಂಜಿನ್ ಹಾಕಿದ್ದನ್ನು ಕಂಪನಿ ಮುಚ್ಚಿಡಲಿಲ್ಲ, ಹೆಸರಿನಲ್ಲೇ ಬರೆದುಕೊಂಡಿತು.

ಹಳೆ ಕಾರುಗಳ ಹುಚ್ಚಿರುವವರ ನಡುವೆ ಎಂದೂ ಮುಗಿಯದ ಜಗಳವೊಂದಿದೆ. ಮೂಲ ಎಂಜಿನ್ ತೆಗೆದು ಬೇರೆ ಎಂಜಿನ್ ಹಾಕುವುದು, ಅಂದರೆ ಎಂಜಿನ್ ಸ್ವ್ಯಾಪ್, ಸರಿಯೋ ತಪ್ಪೋ ಎಂಬುದು ಆ ಜಗಳ. ಒಂದು ಪಂಗಡಕ್ಕೆ ಅದು ಪಾಪ. ಇನ್ನೊಂದಕ್ಕೆ ಓಡದ ಕಾರು ಬರೀ ತಗಡು. ಪುಣೆಯ ಹಿಂಜವಡಿಯಲ್ಲಿ ವಾರವಿಡೀ ಕೋಡ್ ಬರೆದು, ಭಾನುವಾರ ಬಾನೆಟ್ ಕೆಳಗೆ ತಲೆ ಹಾಕುವ ನನಗೆ ಈ ಜಗಳ ಮೊದಲು ಬರೀ ಹರಟೆಯಾಗಿತ್ತು. ತಿಪಟೂರಿನ ನಮ್ಮ ಮನೆಯ 1978ರ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ, ನೀಲಿ ಹೊಗೆ ಬಿಡಲು ಶುರುಮಾಡಿದ ಮೇಲೆ ಅದೇ ಪ್ರಶ್ನೆ ನಮ್ಮ ಮನೆಯೊಳಗೆ ಬಂತು.

ಆ ಕಥೆಗೆ ಮುಂಚೆ ಒಂದು ಮಾತು. ವಿದೇಶದ ಕ್ಲಾಸಿಕ್ ಕಾರುಗಳ ಅಳತೆಗೋಲಿನಲ್ಲಿ ನಮ್ಮ ಕಾರುಗಳನ್ನು ಅಳೆಯಲು ಬರುವುದಿಲ್ಲ.

ಕಾರ್ಖಾನೆಯಲ್ಲೇ ನಡೆದ ಬದಲಾವಣೆ

ಲೈಸೆನ್ಸ್ ರಾಜ್ ಕಾಲದಲ್ಲಿ ನಮ್ಮ ಕಂಪನಿಗಳಿಗೆ ಹೊಸ ಕಾರು ಮಾಡುವುದಕ್ಕೆ ಹಣವೂ ಇರಲಿಲ್ಲ, ಸುಲಭವಾಗಿ ಅನುಮತಿಯೂ ಸಿಗುತ್ತಿರಲಿಲ್ಲ. ಹೊರಗಿನವರು ಕೈಬಿಟ್ಟ ಮಾದರಿಯ ಅಚ್ಚುಗಳನ್ನು ತಂದು, ಕೈಯಲ್ಲಿದ್ದ ಎಂಜಿನ್ ಕೂರಿಸುವುದೇ ದಾರಿಯಾಗಿತ್ತು.

ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಆಧಾರದ ಅಂಬಾಸಿಡರ್ ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಆಕಾರ ಹೆಚ್ಚು ಬದಲಾಗಲಿಲ್ಲ. ಆದರೆ ಬಾನೆಟ್ ಕೆಳಗೆ ಮೊದಲು ಸೈಡ್ ವಾಲ್ವ್ ಎಂಜಿನ್ ಇತ್ತು, ಆಮೇಲೆ ಬಿಎಂಸಿಯ 1489 ಸಿಸಿ ಪೆಟ್ರೋಲ್, ನಂತರ ಡೀಸೆಲ್, ತೊಂಬತ್ತರ ದಶಕದ ಆರಂಭದಲ್ಲಿ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಬಂದವು. ಅಂಬಾಸಿಡರ್ ವಿಷಯದಲ್ಲಿ ‘ಮೂಲ ಎಂಜಿನ್’ ಎಂದರೆ ಯಾವುದು?

ಕಾಂಟೆಸಾದ ಕಥೆ ಇನ್ನೂ ಸ್ವಾರಸ್ಯದ್ದು. 1984ರಲ್ಲಿ ಬಂದಾಗ ಅದಕ್ಕೆ ವಾಕ್ಸ್‌ಹಾಲ್‌ನ ಉದ್ದನೆಯ, ಗತ್ತಿನ ಮೈ ಇತ್ತು. ಒಳಗೆ ಮಾತ್ರ ಅಂಬಾಸಿಡರಿನ ಅದೇ 1489 ಸಿಸಿ ಎಂಜಿನ್. ಪೈಲ್ವಾನನ ಮೈಗೆ ಮಗುವಿನ ಪುಪ್ಪುಸ ಇಟ್ಟಂತೆ. ಏರು ಬಂದರೆ ಏದುಸಿರು. ಕೆಲವು ವರ್ಷದಲ್ಲಿ ಕಂಪನಿಯೇ ಇಸುಜು 1.8 ಲೀಟರ್ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಹಾಕಿತು. ಅದೇ ಕಾರು ರಾಜಕಾರಣಿಗಳ, ಸಿನಿಮಾ ಖಳನಾಯಕರ ಗಾಡಿಯಾಯಿತು. ಇವತ್ತು ಕಾಂಟೆಸಾ ಹುಡುಕುವವರು ಮೊದಲು ಕೇಳುವುದೇ ‘ಇಸುಜುನಾ?’ ಎಂದು.

ಸಮಯಕ್ಕೆ ಎಂಜಿನ್ ಬದಲಿಸದೆ ಸೋತ ಕಾರೂ ಇದೆ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಸ್ಟ್ಯಾಂಡರ್ಡ್ 2000 ತಂದಿತು. ಅದರ ಮೈ 1976ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಗಿ ಯುರೋಪಿನ ವರ್ಷದ ಕಾರು ಎನಿಸಿಕೊಂಡ ರೋವರ್ ಎಸ್‌ಡಿ1ರದ್ದು. ಅಲ್ಲಿ ಆ ಮೈಯೊಳಗಿದ್ದದ್ದು 3.5 ಲೀಟರಿನ ವಿ8 ಎಂಜಿನ್. ಇಲ್ಲಿ ಹಾಕಿದ್ದು ನಲವತ್ತರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಮೂಲದ 1991 ಸಿಸಿ ಎಂಜಿನ್. ಬೆಲೆ ದುಬಾರಿ, ಓಟ ಮಂದ. ಮೂರು ವರ್ಷದಲ್ಲಿ ಕಥೆ ಮುಗಿಯಿತು.

ಊರ ಕಡೆಯ ಗ್ಯಾರೇಜುಗಳೂ ಸುಮ್ಮನಿರಲಿಲ್ಲ. ಮಲೆನಾಡಿನ ಎಸ್ಟೇಟುಗಳಲ್ಲಿ ಪೆಟ್ರೋಲ್ ಕುಡಿಯುತ್ತಿದ್ದ ಹಳೆ ಜೀಪುಗಳಿಗೆ ಡೀಸೆಲ್ ಎಂಜಿನ್ ಹಾಕಿಸಿಕೊಂಡವರು ಬೇಕಾದಷ್ಟು ಜನ. ಅದಕ್ಕೆ ಸ್ವ್ಯಾಪ್ ಎಂಬ ಹೆಸರೂ ಇರಲಿಲ್ಲ. ‘ಎಂಜಿನ್ ಚೇಂಜ್ ಮಾಡಿಸ್ದೆ’ ಅಂದರೆ ಮುಗಿಯಿತು.

ನಟ್ಟು ಬಿಚ್ಚಿ ಕಟ್ಟಿದರೆ ಆಗುವುದಿಲ್ಲ

ನಮ್ಮ ಪದ್ಮಿನಿಯದು 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ. ಸ್ಟೀರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್. ಬೇಸಿಗೆಯಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಊರ ಮೆಕ್ಯಾನಿಕ್ ಹೊಗೆ ನೋಡಿ, ‘ಬೋರ್‌ಗೆ ಬಂದೈತೆ ಮೇಷ್ಟ್ರೇ. ಜಿಪ್ಸಿ ಎಂಜಿನ್ ಹಾಕ್ಬಿಡಾನ. ಇನ್ನ ಹದಿನೈದು ವರ್ಷ ಈ ಕಡೆ ತಲೆ ಹಾಕಂಗಿಲ್ಲ’ ಅಂದರು.

ಅವರು ಜಿಪ್ಸಿ ಎಂಜಿನ್ ಅಂದದ್ದು ತೋಚಿದ್ದನ್ನು ಹೇಳಿದ್ದಲ್ಲ. ಪದ್ಮಿನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಶಕ್ತಿ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಮಾರುತಿ 800, ಸ್ವಿಫ್ಟ್‌ಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಅವು ಇಲ್ಲಿ ಹೊಂದುವುದಿಲ್ಲ. ಜಿಪ್ಸಿ, ಓಮ್ನಿಗಳ ಎಂಜಿನ್ ಮಾತ್ರ ಉದ್ದಕ್ಕೆ ಕೂರುತ್ತದೆ.

ಹಾಗೆಂದು ಒಂದನ್ನು ಇಳಿಸಿ ಇನ್ನೊಂದನ್ನು ಇಟ್ಟರೆ ಆಗಲಿಲ್ಲ. ಎಂಜಿನ್ ಕೂರುವ ಮೌಂಟಿಂಗ್ ಹೊಸದಾಗಿ ಮಾಡಬೇಕು. ಹಳೆ ಗೇರ್‌ಬಾಕ್ಸ್ ಉಳಿಸಿಕೊಂಡರೆ ಎಂಜಿನ್‌ಗೂ ಅದಕ್ಕೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಹೊಸ ಗೇರ್‌ಬಾಕ್ಸ್ ಆದರೆ ಶಾಫ್ಟಿನ ಉದ್ದ ಬದಲಾಗುತ್ತದೆ, ಹ್ಯಾಂಡ್ ಗೇರ್ ಹೋಗಿ ನೆಲದಲ್ಲಿ ತೂತು ಬೀಳುತ್ತದೆ. ರೇಡಿಯೇಟರ್ ಸಾಲುವುದಿಲ್ಲ. ಡೈನಮೋ ಇದ್ದಲ್ಲಿ ಆಲ್ಟರ್ನೇಟರ್ ಬರಬೇಕು, ವೈರಿಂಗ್ ಪೂರ್ತಿ ಹೊಸದು. ಹಿಂದಿನ ಡಿಫರೆನ್ಷಿಯಲ್ಲಿನ ಹಲ್ಲಿನ ಲೆಕ್ಕ ಹೊಸ ಎಂಜಿನ್ನಿನ ವೇಗಕ್ಕೆ ಹೊಂದದಿದ್ದರೆ ಗಾಡಿ ಬರೀ ಕಿರುಚುತ್ತದೆ.

ಎಲ್ಲಕ್ಕಿಂತ ಮುಖ್ಯ ಬ್ರೇಕ್. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಅವನ್ನು ವಿನ್ಯಾಸ ಮಾಡಿದ್ದು 40 ಅಶ್ವಶಕ್ತಿಗೆ. ಕೊನೆಯ ವರ್ಷಗಳ ಜಿಪ್ಸಿಯ 1298 ಸಿಸಿ ಎಂಜಿನ್ ಕೊಡುವುದು ಸುಮಾರು 80. ಓಡುವ ಶಕ್ತಿ ಎರಡರಷ್ಟಾಗಿ, ನಿಲ್ಲುವ ಶಕ್ತಿ ಅಷ್ಟೇ ಉಳಿದರೆ ಅಪಾಯ. ಒಳ್ಳೆಯ ಸ್ವ್ಯಾಪ್ ಮಾಡುವವರು ಎಂಜಿನ್ ಹುಡುಕುವ ಮುಂಚೆ ಡಿಸ್ಕ್ ಬ್ರೇಕ್ ಹುಡುಕುತ್ತಾರೆ.

ಕಾಗದ ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆ ಎಂಜಿನ್ ನಂಬರೂ ಇರುತ್ತದೆ. ಬ್ಲಾಕಿನ ಮೇಲಿನ ನಂಬರು ಅದಕ್ಕೆ ತಾಳೆಯಾಗದಿದ್ದರೆ ನವೀಕರಣದ ಹೊತ್ತಿಗೆ ಸಿಕ್ಕಿಬೀಳುವುದು ಖಂಡಿತ. ಅಪಘಾತವಾದರೆ ವಿಮೆಯ ಹಣಕ್ಕೂ ಕುತ್ತು.

2021ರಲ್ಲಿ ಇನ್ನೊಂದು ನಿಯಮ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಅಂದರೆ ಇವತ್ತು ಹಾಕಿದ ಜಿಪ್ಸಿ ಎಂಜಿನ್ 2028ರಲ್ಲಿ ನಮ್ಮ ಪದ್ಮಿನಿಗೆ ಆ ಬಾಗಿಲು ಮುಚ್ಚುತ್ತದೆ.

ಆದರೆ ಆ ಬಾಗಿಲಿನ ಆಚೆಗೂ ಷರತ್ತಿದೆ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವಂಥ ಕಾರಣಕ್ಕೆ ಮಾತ್ರ. ಇದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

‘ಅರಸೀಕೆರೆಗೆ ನಿಮ್ಮತ್ತೆ ಮನೆಗೆ ಹೋಗಂಗಿಲ್ವೇನೋ ಹಂಗಾದ್ರೆ?’

‘ಇಲ್ಲಪ್ಪ, ಹೋಗೋಹಾಗಿಲ್ಲ.’

‘ಮತ್ತೆ ಕಾರ್ ಇಟ್ಕಂಡು ಅರಿಶಿನ ಕುಂಕುಮ ಹಚ್ಲೇನೋ? ನಂಗೆ ಆ ಪದವಿ ಬ್ಯಾಡ. ಬೇರೆಯವರ ಎಂಜಿನ್ನೂ ಬ್ಯಾಡ. ಇದ್ದದ್ದನ್ನೇ ರಿಪೇರಿ ಮಾಡ್ಸು.’

ಶುದ್ಧ ಮೂಲವಾದಿಗಳೂ ಸ್ವ್ಯಾಪ್ ಪ್ರೇಮಿಗಳೂ ಮರೆಯುವ ಮೂರನೇ ದಾರಿ ಇದೇ. ಮೂಲ ಎಂಜಿನ್ನಿಗೆ ಪೂರ್ತಿ ಕೆಲಸ ಮಾಡಿಸುವುದು, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಓಡಿಸುವುದು. ಅಗ್ಗದ ದಾರಿಯಲ್ಲ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದರೂ ನಾವು ಹಿಡಿದದ್ದು ಅದನ್ನೇ. ಎಂಜಿನ್ ಇಳಿಸಿ, ತುಮಕೂರಿನಲ್ಲಿ ಸಿಲಿಂಡರ್ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ವಾಲ್ವ್ ಸೀಟ್ ಕಟ್ ಮಾಡಿಸಿದೆವು. ಬ್ಲಾಕಿನ ಮೇಲಿನ ನಂಬರು ಹಾಗೇ ಉಳಿಯಿತು.

ಪರ ಊರಿನಲ್ಲಿರುವುದರ ಲಾಭ

ಈ ಕೆಲಸದಲ್ಲಿ ಊರು ಬಿಟ್ಟು ಬಂದವನಿಗೂ ಒಂದು ಪಾಲು ಸಿಕ್ಕಿತು. ಹಳೆ ಕಾರಿನ ಬಿಡಿಭಾಗಗಳು ತಿಪಟೂರಿನಲ್ಲಿ ಎಲ್ಲಿ ಸಿಗಬೇಕು? ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯಲ್ಲೂ ಈಗ ಕಷ್ಟ. ಆದರೆ ಮುಂಬೈನ ಕುರ್ಲಾ, ಚೆನ್ನೈನ ಪುದುಪೇಟೆ, ದಿಲ್ಲಿಯ ಮಾಯಾಪುರಿ ಇದಕ್ಕೆಂದೇ ಹೆಸರಾದ ಮಾರುಕಟ್ಟೆಗಳು. ಹೊರಗಿರುವ ನಮ್ಮಂಥ ಕನ್ನಡಿಗರಿಗೆ ಅವು ವಾರಾಂತ್ಯದ ದಾರಿ.

ಪದ್ಮಿನಿಯ ಮಟ್ಟಿಗೆ ಮುಂಬೈಯೇ ತವರು. ದಶಕಗಳ ಕಾಲ ಅಲ್ಲಿನ ಕಪ್ಪು ಹಳದಿ ಟ್ಯಾಕ್ಸಿ ಅಂದರೆ ಪದ್ಮಿನಿ. ಕಾರಿನ ತಯಾರಿಕೆ ಸುಮಾರು 2000ದ ಹೊತ್ತಿಗೆ ನಿಂತರೂ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಯ ಆಯಸ್ಸು 20 ವರ್ಷ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಮರೆಯಾದವು. ಟ್ಯಾಕ್ಸಿಗಳು ಇದ್ದಷ್ಟು ದಿನ ಅವುಗಳಿಗಾಗಿ ಬಿಡಿಭಾಗದ ಅಂಗಡಿಗಳು ಬದುಕಿದ್ದವು. ಈಗ ಸಿಗುವುದು ಉಳಿದ ದಾಸ್ತಾನು ಮಾತ್ರ. ಎರಡು ವರ್ಷ ನಾನು ಊರಿಗೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಬಾಕರವಡಿ ಪೊಟ್ಟಣದ ಜೊತೆ ಡಿಸ್ಟ್ರಿಬ್ಯೂಟರ್ ಕ್ಯಾಪ್, ವಾಟರ್ ಪಂಪ್, ಒಮ್ಮೆ ಇಡೀ ಕಾರ್ಬ್ಯುರೇಟರ್ ಒಯ್ದಿದ್ದೇನೆ. ಪೆಟ್ರೋಲ್ ವಾಸನೆಗೆ ಪಕ್ಕದ ಸೀಟಿನವರು ಕಿಟಕಿ ತೆರೆದದ್ದೂ ಉಂಟು.

ಕಾರನ್ನೇ ಪುಣೆಗೆ ತರಬಾರದೇ ಎಂದು ಗೆಳೆಯರು ಕೇಳುತ್ತಾರೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನಂಬರ್ ಪಡೆಯಬೇಕು. 1989ಕ್ಕಿಂತ ಮುಂಚಿನ, ಮೂರು ಅಕ್ಷರದ ಹಳೆ ಕರ್ನಾಟಕದ ನಂಬರು ನಮ್ಮ ಕಾರಿನದು. ಪಿಸ್ಟನ್ ಇನ್ನೊಂದು ಸಿಕ್ಕೀತು, ಆ ನಂಬರು ಹೋದರೆ ಮತ್ತೆ ಸಿಗುವುದಿಲ್ಲ. ಕಾರು ಊರಲ್ಲೇ ಇರಲಿ.

ಹಾಗಾದರೆ ಸ್ವ್ಯಾಪ್ ತಪ್ಪೇ?

ಅಲ್ಲ. ಬ್ಲಾಕ್ ಸೀಳಿಹೋಗಿದ್ದರೆ, ಮೂಲ ಎಂಜಿನ್ ಎಂದೋ ಗುಜರಿ ಸೇರಿದ್ದರೆ, ಕಾರು ಶೆಡ್ಡಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ ಒಪ್ಪಿಗೆ ಪಡೆದು ಬೇರೆ ಎಂಜಿನ್ನಿನಲ್ಲಿ ಓಡುವುದೇ ಮೇಲು. ದಿಲ್ಲಿಯಲ್ಲಿರುವವರ ಪಾಡು ಬೇರೆ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಹಳೆ ಕಾರನ್ನು ಎಲೆಕ್ಟ್ರಿಕ್‌ಗೆ ಬದಲಿಸುವ ಮಾತು ಅಲ್ಲಿ ಹೆಚ್ಚಾಯಿತು. ಅಂಥ ಕಿಟ್‌ಗಳಿಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪ್ರಮಾಣಪತ್ರ ಬೇಕು. ಪಿಸ್ಟನ್ ಸದ್ದಿಲ್ಲದ ಫಿಯೆಟ್ ನನಗೆ ಇಷ್ಟವಿಲ್ಲ, ಆದರೆ ಇಷ್ಟಪಡುವವರನ್ನು ಬೈಯಲಾರೆ.

ಒಂದೇ ಕಟ್ಟಳೆ ನನ್ನದು, ಅದು ಆಫೀಸಿನಿಂದ ಬಂದದ್ದು. ಹಿಂದಕ್ಕೆ ಮರಳಲು ದಾರಿ ಇಲ್ಲದ ಬದಲಾವಣೆಯನ್ನು ನಾವು ಯಾವ ಸಿಸ್ಟಮ್ಮಿಗೂ ಮಾಡುವುದಿಲ್ಲ. ಎಂಜಿನ್ ಬದಲಿಸಿದರೂ ಮೂಲ ಬಾಡಿಯನ್ನು ಕತ್ತರಿಸಬೇಡಿ, ಬೋಲ್ಟಿನಲ್ಲೇ ಕೂರುವಂತೆ ಮಾಡಿಸಿ. ಇಳಿಸಿದ ಎಂಜಿನ್ನನ್ನು ಕೆಜಿ ಲೆಕ್ಕದಲ್ಲಿ ಮಾರಬೇಡಿ. ಸಿಲಿಂಡರಿಗೆ ಎಣ್ಣೆ ಹಾಕಿ, ಟಾರ್ಪಾಲು ಸುತ್ತಿ ಕೊಟ್ಟಿಗೆಯ ಮೂಲೆಯಲ್ಲಿಡಿ. ಮಕ್ಕಳಿಗೆ ಮುಂದೆ ಬೇರೆ ಮನಸ್ಸಾಗಬಹುದು.

ಮುಂದಿನ ಸಲ ಊರಿಗೆ ಹೋದಾಗ, ಹಿತ್ತಲಿನಲ್ಲಿ ತೆಂಗಿನ ಗರಿ ಮುಚ್ಚಿಕೊಂಡು ನಿಂತ ಕಾರಿದ್ದರೆ ಆರ್‌ಸಿ ಹುಡುಕಿ. ನೋಂದಣಿಯ ವರ್ಷ ನೋಡಿ, ಬ್ಲಾಕಿನ ಮೇಲಿನ ಗ್ರೀಸ್ ಒರೆಸಿ ಎಂಜಿನ್ ನಂಬರು ತಾಳೆ ನೋಡಿ, ಎರಡರ ಫೋಟೊ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಜೊತೆ ಮಾತು ಆಮೇಲೆ. ಕುರ್ಲಾದಿಂದ ಏನಾದರೂ ಬೇಕಿದ್ದರೆ ಹೇಳಿ, ಬಸ್ಸಿನಲ್ಲಿ ಜಾಗವಿದೆ.